ಗಿರಣಿ ಕಾಲೇಜಿನ ನೆರಳು

ನಮ್ಮೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯುವುದು ಸಂಜೆ ನಾಲ್ಕೂವರೆಗೆ. ಗಂಡು ನೋಡುವುದೂ ಅದೇ ಹೊತ್ತಿಗೆ. ಆಗ ಬಿಸಿಲು ಓರೆಯಾಗಿ, ಓದಿದವರ ನೆರಳು ಮಡಿಕೆ ಬಿಚ್ಚಿದ ಸೀರೆಯ ಹಾಗೆ ಪೂರ್ತಿ ಹರಡಿಕೊಳ್ಳುತ್ತದೆ. ಯಾವ ಕಾಲೇಜಿನಲ್ಲಿ ಓದಿದಿರಿ ಎಂದು ಬಾಯಿಬಿಟ್ಟು ಕೇಳುವ ಸಂಕೋಚ ಯಾರಿಗೂ ಉಳಿಯುವುದಿಲ್ಲ. ಗುಡ್ಡದ ಕಾಲೇಜಿನವರಾದರೆ ನೆಲದ ಮೇಲೆ ಗಡಿಯಾರದ ಗೋಪುರ ಬೀಳುತ್ತದೆ, ಅದರ ಎರಡೂ ಬದಿಗೆ ಆರಾರು ಕಮಾನು, ತುದಿಯಲ್ಲೊಂದು ಗಾಳಿಗೆ ತಿರುಗುವ ತಗಡಿನ ಹುಂಜ. ಕೆರೆ ಕಾಲೇಜಿನವರಾದರೆ ಉದ್ದನೆಯ ಜಗಲಿ, ಸಾಲು ಕಂಬ. ಅಕ್ಕಿ ಗಿರಣಿಯ ಸಂಜೆ ಕಾಲೇಜಿನವರಾದರೆ ತಗಡಿನ ಮಾಡು, ಕಿಟಕಿಯೇ ಇಲ್ಲದ ಗೋಡೆ, ಎಡಕ್ಕೆ ತುಸು ವಾಲಿದ ಚಿಮಣಿ. ಕಾಲೇಜಿನ ಮೆಟ್ಟಿಲು ಹತ್ತದವರಿಗೆ ಕೈಕಾಲು ತಲೆ ಇರುವ ಸಾದಾ ನೆರಳು. "ನನ್ನ ನೆರಳಿಗೆ ಮೂಗಾದ್ರೂ ಐತೆ," ಎಂದು ಟೈಲರ್ ಬುಡೇನ್ ಸಾಬರು ಪದವೀಧರರ ಅಳತೆ ತೆಗೆಯುತ್ತಾ ಹೇಳುವುದುಂಟು. "ನಿಮ್ದಕ್ಕೆ ಅಂಗಿ ಹೊಲಿಸ್ಬೇಕು ಅಂದ್ರೆ ಗಾರೆ ಮೇಸ್ತ್ರೀನ ಕರೀಬೇಕು."

ಗೋಪುರದ ನೆರಳನ್ನು ನಮ್ಮೂರಿನಲ್ಲಿ ಯಾರೂ ತುಳಿಯುವುದಿಲ್ಲ. ಗುಡ್ಡದವರೊಬ್ಬರು ಪೇಟೆ ಬೀದಿಯಲ್ಲಿ ಬಂದರೆ ಸೈಕಲ್ಲಿನವರು ಇಳಿದು ನಿಲ್ಲುತ್ತಾರೆ, ಸೊಪ್ಪಿನವಳು ಬುಟ್ಟಿ ಹಿಂದಕ್ಕೆಳೆದುಕೊಳ್ಳುತ್ತಾಳೆ. ಗಿರಣಿಯ ನೆರಳಿನ ಮೇಲೆ ಎಮ್ಮೆಗಳೂ ಮಲಗುತ್ತವೆ. ಗುಡ್ಡದವರು ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಕಾಲಿಡುವುದಿಲ್ಲ, ಏಕೆಂದರೆ ಆಗ ಎಲ್ಲರ ನೆರಳೂ ಅವರವರ ಕಾಲಡಿ ಒಂದು ಹಪ್ಪಳದಷ್ಟಕ್ಕೆ ಮುದುಡುತ್ತದೆ. ಅದೇ ಕಾರಣಕ್ಕೆ ಗಿರಣಿಯವರು ಬ್ಯಾಂಕು, ಕಚೇರಿ, ಬೀಗರ ಮನೆ ಎಲ್ಲವನ್ನೂ ಹನ್ನೆರಡಕ್ಕೇ ಮುಗಿಸಿಕೊಳ್ಳುತ್ತಾರೆ. ಇನ್ನು ಮರಗಳು. ನನ್ನ ಅಜ್ಜಿಯ ಕಾಲದಲ್ಲಿ ಬೀದಿಯುದ್ದಕ್ಕೂ ಹೊಂಗೆ ಮರಗಳಿದ್ದವಂತೆ. ಮರದ ನೆರಳಿನಲ್ಲಿ ಯಾರ ನೆರಳು ಯಾರದೆಂದು ತಿಳಿಯದೆ ಒಂದೆರಡು ಮದುವೆ ತಪ್ಪಾಗಿ ನಡೆದುಹೋದವೆಂದು ಊರಿನವರು ಸಭೆ ಸೇರಿ ಎಲ್ಲವನ್ನೂ ಕಡಿದರು. ಅಂದಿನಿಂದ ನಮ್ಮೂರಿನಲ್ಲಿ ವಿದ್ಯೆ ಸ್ಪಷ್ಟವಾಗಿ ಕಾಣುತ್ತದೆ, ಏಪ್ರಿಲ್ ತಿಂಗಳಲ್ಲಿ ತಲೆ ಸುಡುತ್ತದೆ.

ನಾನು ಗಿರಣಿಯವಳು. ಹೆಸರು ಇಂದುಮತಿ. ಹಗಲು ಊರಿನ ವಾಚನಾಲಯದಲ್ಲಿ ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದೆ, ಗೋಂದು ಒಣಗುವವರೆಗೆ ಅದೇ ಪುಸ್ತಕ ಓದುತ್ತಿದ್ದೆ, ಆರು ಗಂಟೆಗೆ ಗಿರಣಿಗೆ ಹೋಗುತ್ತಿದ್ದೆ. ಆರಕ್ಕೆ ಯಂತ್ರದ ಪಟ್ಟೆ ನಿಲ್ಲುತ್ತಿತ್ತು. ಅದು ಇನ್ನೂ ತೂಗಾಡುತ್ತಿರುವಾಗಲೇ ನಾವು ತೌಡಿನ ಮೂಟೆಗಳನ್ನು ಸಾಲಾಗಿ ಜೋಡಿಸಿ ಅದರ ಮೇಲೆ ಕೂರುತ್ತಿದ್ದೆವು. ಸಂಜೆ ಕಾಲೇಜಾದ್ದರಿಂದ ಅದರ ನೆರಳು ನಮ್ಮ ಕಾಲಡಿಯಿಂದಲೇ ಬಿದ್ದರೆ ಹೇಗಿರುತ್ತದೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಫಲಿತಾಂಶ ಬಂದ ಮಾರನೆಯ ಬೆಳಿಗ್ಗೆ ನಾನು ಕುಣಿದುಕೊಂಡು ಅಂಗಳಕ್ಕೆ ಬಂದೆ. ಅಮ್ಮ ಹಪ್ಪಳ ಹರವುತ್ತಿದ್ದಳು. ನನ್ನ ನೆರಳು ಅದರ ಮೇಲೆ ಬಿತ್ತು. ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು, ಚಿಮಣಿಯನ್ನು ನೋಡಿದಳು.

"ಅತ್ಲಾಗೆ ಸರಿ. ಹಪ್ಪಳ ಒಣಗಲ್ಲ," ಎಂದಳು. ಆಮೇಲೆ ಒಳಗೆ ಹೋಗಿ ಅಪ್ಪನ ಹಳೆಯ ಕೊಡೆ ತಂದು ಕೈಗಿಟ್ಟಳು.

ನಮ್ಮೂರಿನಲ್ಲಿ ಕೊಡೆ ಮಳೆಗಾಲದ ವಸ್ತುವಲ್ಲ. ಕೊಡೆ ಬಿಚ್ಚಿದರೆ ಕೊಡೆಯ ನೆರಳು ಮಾತ್ರ ಬೀಳುತ್ತದೆ, ಒಳಗಿರುವುದು ಯಾವ ಕಾಲೇಜೆಂದು ಕಾಣುವುದಿಲ್ಲ. ಕಾಣದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ. ಗೋಪುರವಿದ್ದವರು ಯಾರಾದರೂ ಮುಚ್ಚಿಕೊಳ್ಳುತ್ತಾರೆಯೇ? ಆದರೂ ಇಪ್ಪತ್ತೆರಡು ವರ್ಷ ಆ ಕೊಡೆ ಹಿಡಿದೇ ಓಡಾಡಿದೆ. ಮೂರು ಸಲ ಬಟ್ಟೆ ಬದಲಾಯಿಸಿದೆ, ಎರಡು ಸಲ ಕಡ್ಡಿ.

ಗಿರಣಿ ಕಾಲೇಜಿಗೆ ಇದ್ದ ಒಂದೇ ಹೆಮ್ಮೆ ಅದರ ಬಾಗಿಲ ಮೇಲಿನ ಬೋರ್ಡು: 'ಎಲ್ಲ ವಿಷಯಗಳನ್ನೂ ಗುಡ್ಡದ ಪದವೀಧರರಿಂದ ಬೋಧಿಸಲಾಗುವುದು.' ಪದವೀಧರರು ಎಂದರೆ ಹಾಲಪ್ಪ ಮೇಷ್ಟ್ರು ಒಬ್ಬರೇ. ಗುಡ್ಡದ ಕಾಲೇಜಿನಲ್ಲಿ ಚಿನ್ನದ ಪದಕ ಪಡೆದವರು ತೌಡಿನ ಮೂಟೆಗಳಿಗೆ ಪಾಠ ಹೇಳಲು ಏಕೆ ಬಂದರೆಂದು ನಾವು ಕೇಳಲಿಲ್ಲ. ಬಂದರಲ್ಲ, ಅಷ್ಟೇ ಸಾಕಾಗಿತ್ತು. ಅವರ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಅರ್ಥವಾಗದವರು ಕೈ ಎತ್ತಬೇಕು. ಅವರು ಮತ್ತೊಮ್ಮೆ ಹೇಳುತ್ತಿದ್ದರು. ಆಗಲೂ ಅರ್ಥವಾಗದಿದ್ದರೆ ಎರಡನೇ ಸಲ ಕೈ ಎತ್ತಬೇಕು. "ಮೊದಲನೇ ಕೈ ಎಲ್ಲರೂ ಎತ್ತುತ್ತಾರೆ," ಎನ್ನುತ್ತಿದ್ದರು ಮೇಷ್ಟ್ರು. "ಎರಡನೇ ಕೈಗೆ ಗುಂಡಿಗೆ ಬೇಕು. ಅದು ಎದ್ದ ಮೇಲೆ ಪಾಠ ನಂದಲ್ಲ, ಅವನದು." ಎರಡನೇ ಕೈ ಎತ್ತಿದವರನ್ನು ನೋಡಿ ಗಿರಣಿಯಲ್ಲಿ ಯಾರೂ ನಗುತ್ತಿರಲಿಲ್ಲ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಆ ಹುಡುಗನ ಮೂಟೆಯ ಮೇಲೇ ಪಕ್ಕದಲ್ಲಿ ಕೂತು, ಬೇರೆ ದಾರಿಯಿಂದ ಶುರುಮಾಡುತ್ತಿದ್ದರು. ನಾನು ಎರಡನೇ ಕೈ ಎತ್ತಿದ್ದಕ್ಕೆ ಲೆಕ್ಕವಿಲ್ಲ.

ಆಮೇಲೆ ನಾನು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದೆ. ನಮ್ಮ ಶಾಲೆಗೆ ಗಂಟೆಯಿಲ್ಲ, ಜಗಲಿಯ ತೊಲೆಗೆ ರೈಲುಕಂಬಿಯ ಒಂದು ಮೊಳದ ತುಂಡು ನೇತುಹಾಕಿದ್ದಾರೆ, ಅದನ್ನೇ ಬಾರಿಸುತ್ತೇವೆ. ನಮ್ಮೂರಿಗೆ ರೈಲು ಇನ್ನೂ ಬಂದಿಲ್ಲ, ಕಂಬಿ ಮಾತ್ರ ಮೊದಲೇ ಬಂದಿದೆ. ಹಿಂದಿನ ಹೆಡ್‌ಮಾಸ್ಟರು ನಿವೃತ್ತರಾದ ಮೇಲೆ ನಾಲ್ಕು ವರ್ಷ ಅವರ ಕೆಲಸವನ್ನೆಲ್ಲ ನಾನೇ ಮಾಡಿದೆ, ಅವರ ಕುರ್ಚಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು. ಕುರ್ಚಿಯಲ್ಲಿ ಕೂರುವ ಅಧಿಕಾರ ಪ್ರಭಾರಿಗಳಿಗಿಲ್ಲ. ಆ ನಾಲ್ಕು ವರ್ಷದಲ್ಲಿ ನಾನು ಮಾಡಿದ ಒಂದೇ ಸ್ವಂತ ಕೆಲಸವೆಂದರೆ ಬೆಳಗಿನ ಎಂಟು ಗಂಟೆಯ ತರಗತಿ. ಏಳನೇ ಕ್ಲಾಸಿನಲ್ಲಿ ಫೇಲಾದ ಹದಿನೆಂಟು ಹುಡುಗಿಯರನ್ನು ಮನೆಗೆ ಕಳಿಸದೆ ಉಳಿಸಿಕೊಂಡಿದ್ದೆ. ಅಲ್ಲಿ ಎರಡನೇ ಕೈಯ ಪದ್ಧತಿ ನಡೆಯುತ್ತಿತ್ತು.

ಆರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹೆಡ್‌ಮಾಸ್ಟರ್ ಹುದ್ದೆ ತುಂಬಲು ಪ್ರಕಟಣೆ ಹೊರಟಿತು. ಅರ್ಜಿ ಹಾಕಿದವರು ಇಬ್ಬರು: ನಾನು, ಗಂಡುಮಕ್ಕಳ ಶಾಲೆಯ ಅನಂತಶಯನ. ಅನಂತಶಯನ ಕೆಟ್ಟ ಮನುಷ್ಯನಲ್ಲ. ಚೆನ್ನಾಗಿ ಓದಿಕೊಂಡವನು, ಜೋರಾಗಿ ಮಾತಾಡದವನು, ಗೋಪುರದವನು. ಅರ್ಜಿ ಹಾಕಿದ ದಿನ ನಮ್ಮ ಶಾಲೆಗೆ ಬಂದು ಸೌಜನ್ಯದಿಂದಲೇ ಹೇಳಿದ್ದ.

"ಇಂದುಮತಿಯವರೇ, ತಪ್ಪು ತಿಳೀಬೇಡಿ. ನಾನು ಬಂದ್ರೆ ಆ ಎಂಟು ಗಂಟೆ ಕ್ಲಾಸು ಇರಲ್ಲ. ಫೇಲಾದವರನ್ನ ಹಾಜರಿಯಲ್ಲಿ ಇಟ್ಕೊಂಡ್ರೆ ಶಾಲೆ ಹೆಸರು ಏಳೋದು ಹೇಗೆ?"

"ಆ ಮಕ್ಕಳು ಏಳೋದು ಹೇಗೆ?" ಎಂದೆ.

"ಅವರಿಗೆ ಹೊಲಿಗೆ ಇದೆಯಲ್ಲ," ಎಂದ, ನಿಜವಾದ ಕಾಳಜಿಯಿಂದ.

ಹಾಗಾಗಿ ಆ ಕುರ್ಚಿ ನನಗೆ ಬೇಕಿತ್ತು. ಸ್ಟೂಲಿನ ಮೇಲೆ ನಾಲ್ಕು ವರ್ಷ ಕೂತ ಸೊಂಟಕ್ಕೂ ಬೇಕಿತ್ತು, ಅದನ್ನೇಕೆ ಮುಚ್ಚಿಡಲಿ. ಆದರೆ ನಮ್ಮೂರಿನಲ್ಲಿ ಹುದ್ದೆಯ ಸಂದರ್ಶನ ಒಳಗೆ ನಡೆಯುವುದಿಲ್ಲ. ಶಾಲೆಯ ಅಂಗಳದಲ್ಲಿ, ಸಂಜೆ ನಾಲ್ಕೂವರೆಗೆ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು. ಸಮಿತಿ ಎದುರಿಗೆ ಪೂರ್ವದಲ್ಲಿ ಕೂರುತ್ತದೆ, ನೆರಳು ಅದರ ಕಾಲ ಬಳಿಗೆ ಹೋಗುತ್ತದೆ. ಕೊಡೆ ಮಡಿಚಬೇಕು. ಪ್ರತಿಯೊಬ್ಬ ಅಭ್ಯರ್ಥಿಯೂ ತನಗೆ ಪಾಠ ಹೇಳಿದ ಒಬ್ಬ ಗುರುವನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಇದಕ್ಕೆಲ್ಲ ಒಂಬತ್ತು ನಿಯಮಗಳಿವೆ. ಏಳನೆಯದು ಹೀಗಿದೆ: 'ಅಭ್ಯರ್ಥಿಯಾಗಲಿ ಅವರ ಗುರುವಾಗಲಿ ಎದುರು ಪಕ್ಷದವರ ನೆರಳಿನಲ್ಲಿ ಆಶ್ರಯ ಪಡೆದರೆ ಅರ್ಜಿ ಅಲ್ಲಿಗೇ ರದ್ದಾಗತಕ್ಕದ್ದು.' ಹಿಂದೊಮ್ಮೆ ಗಿರಣಿಯವನೊಬ್ಬ ಉಪಾಯವಾಗಿ ಓರೆ ನಿಂತು, ತನ್ನ ಮಾಡನ್ನು ಪಕ್ಕದವನ ಗೋಪುರದೊಳಗೆ ತೂರಿಸಿ, ಮೂರು ದಿನ ಪುರಸಭೆಯ ಮುಖ್ಯಾಧಿಕಾರಿಯಾಗಿದ್ದನಂತೆ. ನಾಲ್ಕನೇ ದಿನ ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದಾಗ ಸಿಕ್ಕಿಬಿದ್ದ. ನಿಯಮ ಬಂದದ್ದು ಆಮೇಲೆ.

ನಾನೂ ಒಂದು ಉಪಾಯ ಮಾಡಿದೆ. ನಿಯಮದಲ್ಲಿ 'ಎದುರು ಪಕ್ಷದವರ ನೆರಳು' ಎಂದಿದೆ, 'ತನ್ನ ಗುರುವಿನ ನೆರಳು' ಎಂದಿಲ್ಲ. ಹಾಲಪ್ಪ ಮೇಷ್ಟ್ರು ನನ್ನ ಬೆನ್ನ ಹಿಂದೆಯೇ ನಿಂತರೆ ಅವರ ಗೋಪುರ ನನ್ನ ಗಿರಣಿಯ ಮೇಲೆ ಬೀಳುತ್ತದೆ. ಗೋಪುರ ಎತ್ತರ, ಗಿರಣಿ ಗಿಡ್ಡ. ಸಮಿತಿಯ ಕಾಲ ಬಳಿ ತಲುಪುವುದು ಗಡಿಯಾರವೇ ಹೊರತು ಚಿಮಣಿಯಲ್ಲ. ಇದು ಮೋಸವಲ್ಲ, ವ್ಯಾಕರಣದ ಪ್ರಕಾರ ನಡೆಯುವುದು ಎಂದು ನನಗೆ ನಾನೇ ಹೇಳಿಕೊಂಡೆ.

ಮೇಷ್ಟ್ರು ಆಗಲೂ ಪ್ರತಿದಿನ ವಾಚನಾಲಯಕ್ಕೆ ಬರುತ್ತಿದ್ದರು. ಎಪ್ಪತ್ತು ದಾಟಿತ್ತು. ಕೊಡೆ ಹಿಡಿದು ಬರುತ್ತಿದ್ದರು, ಬಾಗಿಲಲ್ಲಿ ಮಡಿಚಿ ಮೂಲೆಗಿಡುತ್ತಿದ್ದರು. ಬೋಳುತಲೆಗೆ ಬಿಸಿಲು ತಾಳುವುದಿಲ್ಲವೆಂದುಕೊಂಡಿದ್ದೆ. ಹೋಗಿ ವಿಷಯ ಹೇಳಿದೆ. ಪತ್ರಿಕೆಯಿಂದ ಮುಖ ಎತ್ತಿ ಮೂಲೆಯ ಕೊಡೆಯತ್ತ ನೋಡಿದರು.

"ನಾಲ್ಕೂವರೆಗಾ?"

"ಹೌದು ಸಾರ್."

"ಕೊಡೆ ಹಿಡೀಬಾರದಾ?"

"ಅರ್ಧ ಗಂಟೆ ಸಾರ್. ನೀರು ಇಟ್ಟಿರ್ತೀನಿ, ಮಜ್ಜಿಗೆ ಇಟ್ಟಿರ್ತೀನಿ."

"ಬೇರೆ ಯಾರೂ ಸಿಗಲ್ವೇನಮ್ಮ?"

"ನನಗೆ ಪಾಠ ಹೇಳಿದ್ದು ನೀವೊಬ್ಬರೇ ಅಲ್ವಾ ಸಾರ್," ಎಂದೆ. ಅದು ನಿಜವೂ ಆಗಿತ್ತು, ಉಪಾಯವೂ ಆಗಿತ್ತು. ಅವರು ನನ್ನನ್ನೊಮ್ಮೆ ನೋಡಿ, "ಆಯ್ತು, ಬರ್ತೀನಿ," ಎಂದು ಮತ್ತೆ ಪತ್ರಿಕೆಯೊಳಗೆ ಹೋದರು. ಪತ್ರಿಕೆ ತಲೆಕೆಳಗಾಗಿತ್ತು. ನಾನು ಅದನ್ನು ಕಂಡೂ ವಯಸ್ಸಿನ ಖಾತೆಗೆ ಹಾಕಿದೆ.

ಆ ದಿನ ಅಂಗಳ ಬಾಣಲೆಯಾಗಿತ್ತು. ಸಮಿತಿಯ ಐವರೂ ಕುರ್ಚಿಗಳಲ್ಲಿ ಕೂತು, ಕಣ್ಣಿಗೆ ಹೊಡೆಯುವ ಬಿಸಿಲಿಗೆ ಫೈಲು ಅಡ್ಡ ಹಿಡಿದಿದ್ದರು. ಅಧ್ಯಕ್ಷರು ಪರಶಿವಮೂರ್ತಿಗಳು, ಗುಡ್ಡದ ಕಾಲೇಜಿನ ಹಳೆಯ ವಿದ್ಯಾರ್ಥಿ ಸಂಘಕ್ಕೂ ಅವರೇ ಅಧ್ಯಕ್ಷರು. ಪೋಷಕರ ಪರವಾಗಿ ಬುಡೇನ್ ಸಾಬರಿದ್ದರು. ಅವರ ಮೂರು ಹೆಣ್ಣುಮಕ್ಕಳೂ ನಮ್ಮ ಶಾಲೆಯಲ್ಲೇ ಓದಿದವರು. ಸ್ವಾಗತಗೀತೆ ಹಾಡಲು ಎಂಟು ಗಂಟೆಯ ತರಗತಿಯ ಹದಿನೆಂಟು ಹುಡುಗಿಯರನ್ನು ನೆಲದ ಮೇಲೆ ಕೂರಿಸಿದ್ದರು. ಕಾಂಪೌಂಡಿನಾಚೆ ಊರಿನ ಕೆಲಸವಿಲ್ಲದವರೆಲ್ಲ ನೆರೆದಿದ್ದರು.

ಅನಂತಶಯನ ಬಂದು ನಿಂತ. ಅವನ ಪಕ್ಕದಲ್ಲಿ ಅವನ ಗುರು, ಎಂಬತ್ತು ದಾಟಿದ ಪ್ರೊಫೆಸರ್ ನಂಜುಂಡಾರಾಧ್ಯರು, ಜರತಾರಿ ಪೇಟ, ಮುಚ್ಚು ಕೋಟು. ಎರಡು ಗೋಪುರಗಳು ಅಕ್ಕಪಕ್ಕ ಮಲಗಿದವು, ಇಪ್ಪತ್ತನಾಲ್ಕು ಕಮಾನು. ಕಾಂಪೌಂಡಿನಾಚೆ ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ನಾನು ನನ್ನ ಜಾಗಕ್ಕೆ ಹೋಗಿ ಕೊಡೆ ಮಡಿಚಿದೆ. "ಅಕ್ಕಿ ಎಷ್ಟು ಮೂಟೆ ಟೀಚರ್?" ಎಂದು ಯಾರೋ ಕೂಗಿದರು. ಇದು ಇಪ್ಪತ್ತೆರಡು ವರ್ಷದ ಹಳೆಯ ಜೋಕು. ನಾನೂ ನಕ್ಕೆ, ನಗದಿದ್ದರೆ ಎರಡನೆಯದು ಬರುತ್ತದೆ.

ಹಾಲಪ್ಪ ಮೇಷ್ಟ್ರು ಕೊಡೆಯ ಕೆಳಗೇ ನಡೆದು ಬಂದು, ನಾನು ಹೇಳಿದ್ದ ಹಾಗೆ ಸರಿಯಾಗಿ ನನ್ನ ಬೆನ್ನ ಹಿಂದೆ ನಿಂತರು.

"ಕೊಡೆ ಮಡಿಚಿ ಸಾರ್," ಎಂದು ಪಿಸುಗುಟ್ಟಿದೆ.

"ಇಂದೂ, ನಿಂಗೊಂದು ಮಾತು ಹೇಳಬೇಕಿತ್ತು."

"ಆಮೇಲೆ ಹೇಳಿ ಸಾರ್."

"ಕೊಡೆ! ಕೊಡೆ ತೆಗೀರಿ!" ಎಂದರು ಅಧ್ಯಕ್ಷರು.

ಮೇಷ್ಟ್ರು ಕೊಡೆ ಮಡಿಚಿದರು. ನಾನು ನೆಲವನ್ನೇ ನೋಡುತ್ತಿದ್ದೆ. ನನ್ನ ತಗಡಿನ ಮಾಡಿನ ಮೇಲೆ ಗಡಿಯಾರ ಬೀಳಬೇಕಿತ್ತು. ಬಿದ್ದದ್ದು ಇನ್ನೊಂದು ತಗಡಿನ ಮಾಡು. ನನ್ನದಕ್ಕಿಂತ ಅಗಲ, ನನ್ನದಕ್ಕಿಂತ ಕಪ್ಪು. ಎಡಕ್ಕೆ ಇನ್ನೂ ಚೆನ್ನಾಗಿ ವಾಲಿದ ಚಿಮಣಿ.

ಕಾಂಪೌಂಡಿನಾಚೆಯಿಂದ, "ಲೇ, ಎರಡು ಗಿರಣಿ ಕಣ್ರೋ, ಬತ್ತ ತರೋರೇ ಇಲ್ಲ!" ಎಂದು ಕೇಳಿಸಿತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಹನ್ನೊಂದು ವರ್ಷ ಆಯ್ತು," ಎಂದರು ಮೇಷ್ಟ್ರು ನನ್ನ ಬೆನ್ನ ಹಿಂದಿನಿಂದ, ನನಗೊಬ್ಬಳಿಗೇ ಕೇಳುವ ಹಾಗೆ. "ಮೊದಲು ಗಡಿಯಾರ ಮಾಸ್ತು. ಆಮೇಲೆ ಹುಂಜ ಹೋಯ್ತು. ಒಂದಿನ ಬೆಳಿಗ್ಗೆ ಹಾಲಿಗೆ ಹೋದಾಗ ನೋಡ್ತೀನಿ, ಚಿಮಣಿ."

"ಯಾರಿಗೂ ಯಾಕೆ ಹೇಳ್ಲಿಲ್ಲ ಸಾರ್?"

"ಬಾಗಿಲ ಮೇಲೆ ಬೋರ್ಡಿತ್ತಲ್ಲಮ್ಮ. ಗುಡ್ಡದವರು ಪಾಠ ಹೇಳ್ತಾರೆ ಅಂತ ಓದಿ ಮಕ್ಕಳು ಬರ್ತಿದ್ರು. ಬರೋದು ನಿಂತುಹೋದ್ರೆ?" ಕೊಡೆಯ ಹಿಡಿ ತಡವುತ್ತಾ ಹೇಳಿದರು, "ನಿನಗೆ ಗೋಪುರ ಬೇಕಿತ್ತು ಅಂತ ಗೊತ್ತು ನಂಗೆ. ಮತ್ತೆ ಕೊಡೆ ಬಿಚ್ಲಾ? ತಲೆಸುತ್ತು ಅಂತ ಹೇಳಿ ಹೊರಟುಹೋಗ್ತೀನಿ. ನಿಂದು ಒಂದೇ ಇದ್ರೆ ಅಷ್ಟೊಂದು ಎದ್ದು ಕಾಣಲ್ಲ."

ಆಗ ನನಗೊಂದು ಅರಿವಾಯಿತು. ಅಷ್ಟು ಹೊತ್ತಿನಿಂದ ನನ್ನ ಬೆನ್ನು ಸುಡುತ್ತಿರಲಿಲ್ಲ. ಅಂಥ ಬಿಸಿಲಿನಲ್ಲಿ, ಕೊಡೆಯಿಲ್ಲದೆ, ಕತ್ತಿನ ಹಿಂದೆ ಗಿರಣಿಯೊಳಗಿನ ತಂಪಿತ್ತು, ತೌಡಿನ ವಾಸನೆಯೂ ಇದ್ದಂತೆನಿಸಿತು. ನಮ್ಮೂರಿನಲ್ಲಿ ಯಾರಿಗೂ ತನ್ನ ನೆರಳು ತನಗೆ ಸಿಗುವುದಿಲ್ಲ. ನಾನು ನಿಂತಿದ್ದುದು ಅವರ ನೆರಳಿನಲ್ಲಿ. ಹಿಂದಕ್ಕೆ ತಿರುಗಿ ಅವರ ಕೈಯಿಂದ ಕೊಡೆ ತೆಗೆದುಕೊಂಡೆ. ನನ್ನದನ್ನೂ ಅದನ್ನೂ ಜೊತೆಮಾಡಿ, ನಾಲ್ಕು ಹೆಜ್ಜೆ ನಡೆದು, ಜಗಲಿಯ ಮೇಲೆ ರೈಲುಕಂಬಿಯ ಕೆಳಗಿಟ್ಟು ಬಂದೆ.

"ಇವರು ನನ್ನ ಗುರುಗಳು, ಹಾಲಪ್ಪ ಮೇಷ್ಟ್ರು," ಎಂದು ಸಮಿತಿಗೆ ಹೇಳಿದೆ. "ಪ್ರಶ್ನೆ ಕೇಳಿ ಸಾರ್."

ಪ್ರಶ್ನೆ ಯಾವಾಗಲೂ ಒಂದೇ: ನಿಮ್ಮ ಕಾಲೇಜು ನಿಮಗೇನು ಕೊಟ್ಟಿತು? ಅನಂತಶಯನ ಮೊದಲು ಉತ್ತರಿಸಿದ. ಇಬ್ಬರು ಮಂತ್ರಿಗಳು, ಒಬ್ಬ ನ್ಯಾಯಾಧೀಶ, ಹೊಳೆಗೆ ಸೇತುವೆ ಕಟ್ಟಿದ ಎಂಜಿನಿಯರ್ ತನ್ನ ಕಾಲೇಜಿನವರೆಂದ. ಸೇತುವೆ ಈಗಿಲ್ಲ, ಅದು ಪ್ರಶ್ನೆಯಲ್ಲಿರಲಿಲ್ಲ. ಹನ್ನೆರಡು ನಿಮಿಷ ಸೊಗಸಾಗಿ ಮಾತಾಡಿದ. ಪ್ರೊಫೆಸರ್ ನಂಜುಂಡಾರಾಧ್ಯರ ಪೇಟದ ಕೆಳಗಿಂದ ಬೆವರು ಕೋಟಿನೊಳಗೆ ಇಳಿಯುತ್ತಿತ್ತು.

ನನ್ನ ಸರದಿ ಬಂತು. ತೌಡಿನ ಮೂಟೆಯ ಮೇಲೆ ಪಕ್ಕದಲ್ಲಿ ಬಂದು ಕೂರುವ ಮೇಷ್ಟ್ರ ಬಗ್ಗೆ, ಎರಡನೇ ಕೈಯ ಬಗ್ಗೆ ಹೇಳಲು ಶುರುಮಾಡಿದ್ದೆ. ಅಷ್ಟರಲ್ಲಿ ಹುಡುಗಿಯರ ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಚಂದ್ರಿ. ಲೆಕ್ಕದಲ್ಲಿ ಎರಡು ಸಲ ಫೇಲಾದವಳು.

"ಟೀಚರ್, ಬಿಸಿಲು."

"ಮುಗಿಯೋವರೆಗೂ ಯಾರೂ ಏಳಬಾರದು," ಎಂದರು ಅಧ್ಯಕ್ಷರು. "ತಾಳ್ಮೆ ಕಲೀಬೇಕು ಮಕ್ಕಳು."

ಚಂದ್ರಿ ಕೈ ಇಳಿಸಿದಳು. ಒಂದು ಕ್ಷಣ ಯೋಚಿಸಿದಳು. ಮತ್ತೆ ಎತ್ತಿದಳು.

"ಟೀಚರ್, ಇನ್ನೂ ಬಿಸಿಲು."

ಊರು ನಕ್ಕಿತು. ಹದಿನೇಳು ಹುಡುಗಿಯರು ನಗಲಿಲ್ಲ. ನನ್ನ ಹಿಂದೆ ಮೇಷ್ಟ್ರು ಮೂಗೆಳೆದದ್ದು ಕೇಳಿಸಿತು.

"ಎಲ್ಲಾರೂ ಎದ್ದು ಬನ್ರೇ," ಎಂದೆ. "ಇಲ್ಲಿ ಬಂದು ಕೂತ್ಕೊಳ್ಳಿ."

ಹುಡುಗಿಯರು ಗೋಪುರಗಳ ಅಂಚು ತುಳಿಯದೆ ಸುತ್ತುಹಾಕಿ ಬಂದು ಗಿರಣಿಯ ನೆರಳಿನಲ್ಲಿ ಕೂತರು. ಹದಿನೆಂಟು ಜನಕ್ಕೂ ಸಾಲಿತು, ಇನ್ನೂ ಉಳಿಯಿತು. ಗಿರಣಿಗೆ ಗೋಪುರದ ಹಾಗೆ ಬಿಸಿಲು ತೂರುವ ಕಮಾನಿಲ್ಲ, ಕಿಟಕಿಯನ್ನೂ ಇಟ್ಟಿರಲಿಲ್ಲವಲ್ಲ. ಎರಡು ಮಾಡು ಸೇರಿ ಕಂಬಳಿ ಹಾಸಿದ ಹಾಗೆ ನೆರಳು ಬಿದ್ದಿತ್ತು. ನಿಯಮ ಅಭ್ಯರ್ಥಿಗಳಿಗೂ ಗುರುಗಳಿಗೂ ಇದ್ದದ್ದು, ಮಕ್ಕಳಿಗಲ್ಲ, ಆದ್ದರಿಂದ ಅಧ್ಯಕ್ಷರು ಬಾಯಿ ತೆರೆದು ಮುಚ್ಚಿದರು. ನಾನು ಎರಡನೇ ಕೈಯ ಕಥೆ ಮುಂದುವರಿಸಿದೆ. ಹೊತ್ತು ಇಳಿಯುತ್ತಾ ನೆರಳು ತಾನೇ ಮುಂದೆ ಹರಿದು ಬುಡೇನ್ ಸಾಬರ ಕುರ್ಚಿ ಮುಟ್ಟಿತು. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು, "ಯಾ ಅಲ್ಲಾ," ಎಂದರು. ಅವರ ಪಕ್ಕದವರು ಕುರ್ಚಿ ಒಂದು ಗೇಣು ಸರಿಸಿದರು. ಆಮೇಲೆ ಅವರ ಪಕ್ಕದವರು. ಕೊನೆಗೆ ಅಧ್ಯಕ್ಷರು, "ಫೈಲು ಓದೋಕಾಗ್ತಿಲ್ಲ, ಬೆಳಕು ಜಾಸ್ತಿ," ಎಂದು ಯಾರೂ ಕೇಳದಿದ್ದರೂ ಹೇಳಿ, ಕುರ್ಚಿಯನ್ನು ಎತ್ತಿಕೊಂಡೇ ಬಂದರು.

ಆಗ ಆ ಕಡೆಯಿಂದ ಪ್ರೊಫೆಸರ್ ನಂಜುಂಡಾರಾಧ್ಯರು ಹೆಜ್ಜೆ ಕಿತ್ತರು. ಕಮಾನುಗಳ ಮೇಲೆ, ತಮ್ಮದೇ ಶಿಷ್ಯನ ಗಡಿಯಾರದ ಮೇಲೆ ಕಾಲಿಟ್ಟುಕೊಂಡು ನೇರ ನಡೆದು ಬಂದು, ಚಂದ್ರಿಯ ಪಕ್ಕ ನೆಲದ ಮೇಲೆ ಕೂತು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮುಖದಲ್ಲಿ ಒಳ್ಳೆಯ ಊಟ ಮುಗಿಸಿದವರ ಕಳೆ.

"ಸಾರ್! ಸಾರ್, ಏಳಿ, ನಿಯಮ!" ಎಂದು ಅನಂತಶಯನ ಅವರನ್ನೆಬ್ಬಿಸಲು ಓಡಿ ಬಂದ. ಬಂದವನು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಅವನ ಭುಜ ಕೆಳಗಿಳಿದದ್ದನ್ನು ನಾನು ನೋಡಿದೆ. "ಅಬ್ಬಾ," ಎಂದ, ಮೆಲ್ಲಗೆ.

ಸಮಿತಿಯ ಗುಮಾಸ್ತೆ ಎದ್ದು ಏಳನೆಯ ನಿಯಮ ಓದಿದ. ಓದದೇ ಅವನಿಗೆ ವಿಧಿಯಿರಲಿಲ್ಲ, ಸಂಬಳ ಅದಕ್ಕೇ. ಅಧ್ಯಕ್ಷರು ಗಿರಣಿಯ ಮಾಡಿನ ಕೆಳಗೆ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು.

"ಇದು ವಿಶೇಷ ಸಂದರ್ಭ," ಎಂದರು. "ವಯಸ್ಸು, ಉಷ್ಣ... ನಿಯಮದ ಆಶಯ ಬೇರೆ."

"ಆಶಯ ಏನಿತ್ತು ಸಾರ್?" ಎಂದರು ಬುಡೇನ್ ಸಾಬರು. "ಗಿರಣಿಯೋರು ಗೋಪುರಕ್ಕೆ ನುಗ್ಗಬಾರ್ದು ಅಂತ ತಾನೆ? ಗೋಪುರದೋರು ಗಿರಣಿಗೆ ನುಗ್ತಾರೆ ಅಂತ ಯಾರಿಗೆ ಗೊತ್ತಿತ್ತು. ಆದ್ರೂ ನಿಯಮ ನಿಮ್ದೇ ಸಾರ್, ನಾನು ಓದಿದೋನಲ್ಲ."

ಅಧ್ಯಕ್ಷರು ಅನಂತಶಯನನ ಕಡೆ ನೋಡಿದರು. ಅವನು ಇನ್ನೂ ಗುರುವಿನ ಪಕ್ಕದಲ್ಲಿ, ಅವರ ತೊಡೆಯಿಂದ ಎತ್ತಿಕೊಂಡ ಪೇಟ ಕೈಯಲ್ಲಿ ಹಿಡಿದು ನಿಂತಿದ್ದ. ಆಚೆ ಹೋಗಿ, ಕಾಲೇ ಇಟ್ಟಿಲ್ಲವೆಂದು ವಾದಿಸಬಹುದಿತ್ತು. ಅವನ ಕಡೆಯ ಮೂವರು ಸಮಿತಿಯಲ್ಲಿದ್ದರು.

"ಒಳಗೆ ಬಂದಿದ್ದು ನಿಜ ಸಾರ್," ಎಂದ ಅನಂತಶಯನ. "ಇನ್ನೂ ಇಲ್ಲೇ ಇದ್ದೀನಿ. ಹೊರಗೆ ಹೋಗೋ ಮನಸ್ಸಾಗ್ತಿಲ್ಲ."

ಆ ಮಾತಿಗೆ ಅವನಿಗೆ ನಾನು ಋಣಿ. ಎಂಟು ಗಂಟೆಯ ತರಗತಿ ಮುಚ್ಚುತ್ತೇನೆಂದವನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಅರ್ಧಕ್ಕಿಳಿಯಿತು. ಉಳಿದರ್ಧ, ಅವನು ಮುಂದಿನ ತಿಂಗಳಿನಿಂದ ವಾರಕ್ಕೆರಡು ದಿನ ಆ ತರಗತಿಗೆ ಇಂಗ್ಲಿಷ್ ಪಾಠ ಹೇಳಲು ಬಂದಾಗ ಹೋಯಿತು. ಸಮಿತಿಯ ನಡಾವಳಿಯಲ್ಲಿ ನನ್ನ ನೇಮಕಕ್ಕೆ ಕಾರಣ 'ಬಿಸಿಲು' ಎಂದು ಬರೆದಿದೆ. ನನಗೆ ಅದರ ಮೇಲೆ ಏನೂ ಬೇಸರವಿಲ್ಲ. ಇದಕ್ಕಿಂತ ಕಡಿಮೆ ಕಾರಣಕ್ಕೆ ಜನ ಮಂತ್ರಿಗಳಾಗಿದ್ದಾರೆ.

ಸಂಜೆ ಮೇಷ್ಟ್ರನ್ನು ಮನೆಯವರೆಗೆ ಬಿಡಲು ಹೋದೆ. ಇಬ್ಬರ ಕೊಡೆಯೂ ಕಂಕುಳಲ್ಲಿತ್ತು. ಪೇಟೆ ಬೀದಿಯಲ್ಲಿ ನಮ್ಮ ಎರಡು ಗಿರಣಿಗಳು ಉದ್ದಕ್ಕೆ ಮುಂದೆ ಮುಂದೆ ಹೋದವು. ಹೂವಿನ ಸಾವಂತ್ರವ್ವ ಬುಟ್ಟಿ ಹಿಂದಕ್ಕೆಳೆದುಕೊಳ್ಳಲಿಲ್ಲ, ನೆರಳಿನೊಳಕ್ಕೆ ಮುಂದೆ ತಳ್ಳಿದಳು.

"ಒಸಿ ನಿಂತ್ಕಳಿ ಮೇಷ್ಟ್ರೇ, ಹೂವು ಬಾಡ್ತಾವೆ. ಇದೊಂದು ಮಾರು ಕಟ್ಟಿಬಿಡ್ತೀನಿ."

ನಾವು ನಿಂತೆವು. ಅವಳು ಕಟ್ಟಿ ಮುಗಿಸುವವರೆಗೂ ನಿಂತೆವು.

"ಸಾರ್," ಎಂದೆ, "ಗೋಪುರ ಹೋದಾಗ ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು," ಎಂದರು ಮೇಷ್ಟ್ರು. "ಗಡಿಯಾರ ಚೆನ್ನಾಗಿತ್ತಮ್ಮ. ಆ ಕಾಲೇಜೂ ನನಗೆ ಅನ್ನ ಹಾಕಿದೆ, ಸುಳ್ಳು ಹೇಳಬಾರದು. ಎರಡು ತಿಂಗಳು ಶೀತ ಆದಹಾಗೆ ಇತ್ತು. ಆಮೇಲೆ ಅಭ್ಯಾಸ ಆಯ್ತು. ಸಿಕ್ಕಿಬೀಳ್ತೀನಿ ಅನ್ನೋ ಭಯ ಒಂದೇ. ಇವತ್ತು ಅದೂ ಹೋಯ್ತು." ಸ್ವಲ್ಪ ಹೊತ್ತಿನ ಮೇಲೆ, "ಆ ಹುಡುಗಿ ಹೆಸರೇನು? ಎರಡನೇ ಕೈ ಎತ್ತಿದವಳು?" ಎಂದು ಕೇಳಿದರು. ಹೇಳಿದೆ. ಮನೆ ಬರುವವರೆಗೂ ಅದನ್ನೇ ಎರಡು ಮೂರು ಸಲ ಅಂದುಕೊಂಡರು.

ಇದಾಗಿ ಆರು ವರ್ಷ. ಕುರ್ಚಿಯಲ್ಲಿ ಕೂತು ನಾನು ಹೊರಡಿಸಿದ ಮೊದಲ ಹುಕುಂ ಅಂಗಳದಲ್ಲಿ ನಾಲ್ಕು ಹೊಂಗೆ ಸಸಿ ನೆಡುವುದು. ವಿದ್ಯೆ ಕಾಣದಾಗುತ್ತದೆಂದು ಏಳು ದೂರು ಬಂದವು. ದೂರು ಕೊಡಲು ಬಂದವರು ಈಗೀಗ ಸಸಿಯ ಕೆಳಗೆ ನಿಂತೇ ದೂರು ಕೊಡುತ್ತಾರೆ. ಚಂದ್ರಿ ಮೂರನೇ ಸಲಕ್ಕೆ ಪಾಸಾದಳು. ಈ ವರ್ಷ ಕಾಲೇಜಿಗೆ ಅರ್ಜಿ ಹಾಕುವಾಗ, "ಯಾವುದಕ್ಕೆ ಹೋಗ್ಲಿ ಟೀಚರ್?" ಎಂದು ಕೇಳಿದಳು. ಗುಡ್ಡದ ಕಾಲೇಜಿನ ಪ್ರಯೋಗಶಾಲೆ ಒಳ್ಳೆಯದಿದೆ, ಗಿರಣಿಯಲ್ಲಿ ತೌಡು ಮೂಗಿಗೆ ಹೋಗುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಎಲ್ಲಿ ಹೋದ್ರೂ ಅಲ್ಲಿ ಎರಡನೇ ಕೈ ಎತ್ತು. ಯಾರು ಪಕ್ಕ ಬಂದು ಕೂರ್ತಾರೆ ನೋಡು," ಎಂದೆ. ಗುಡ್ಡಕ್ಕೆ ಹೋಗಿದ್ದಾಳೆ. ಒಬ್ಬರು ಬಂದು ಕೂತರಂತೆ, ಕಾಗದ ಬರೆದಿದ್ದಳು.

ಕಳೆದ ಸೋಮವಾರ ಎಂಟು ಗಂಟೆಯ ತರಗತಿಗೆಂದು ಬೇಗ ಬಂದು ಅಂಗಳ ದಾಟುತ್ತಿದ್ದೆ. ನನ್ನ ನೆರಳು ಮುಂದೆ ಬಿದ್ದಿತ್ತು. ಏನೋ ವ್ಯತ್ಯಾಸ ಕಂಡು ನಿಂತೆ. ತಗಡಿನ ಮಾಡಿನ ಅಂಚಿನಲ್ಲಿ ಮೊನ್ನೆಯವರೆಗೂ ಇಲ್ಲದ ಒಂದು ತೊಲೆ ಚಾಚಿಕೊಂಡಿತ್ತು. ಅದರಿಂದ ಮೊಳದುದ್ದದ ತುಂಡೊಂದು, ನಮ್ಮ ಶಾಲೆಯ ಜಗಲಿಯ ರೈಲುಕಂಬಿಯ ಹಾಗೆಯೇ, ನೇತಾಡುತ್ತಿತ್ತು. ಗಾಳಿಯಿರಲಿಲ್ಲ, ಆದರೂ ಯಾರೋ ಈಗಷ್ಟೇ ಬಾರಿಸಿ ಹೋದ ಹಾಗೆ ತೂಗುತ್ತಿತ್ತು. ಚಿಮಣಿಯ ಕಡೆ ನೋಡಿದೆ. ಇತ್ತು. ಸ್ವಲ್ಪ ತೆಳುವಾಗಿತ್ತು.

ಮೇಷ್ಟ್ರಿಗೆ ಹೇಳಬೇಕೆಂದುಕೊಂಡೆ. ಶೀತ ಆದಹಾಗೆ ಇರುತ್ತದೆ, ಎರಡು ತಿಂಗಳು, ಎನ್ನುತ್ತಾರೆ. ಅದಿರಲಿ. ಮಕ್ಕಳು ಬರುವ ಮುಂಚೆ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಚಪ್ಪಲಿ ಬಿಟ್ಟು, ಆ ವಾಲಿದ ಚಿಮಣಿಯನ್ನು ತುಳಿಯದೆ ಬಳಸಿಕೊಂಡು ಜಗಲಿ ಹತ್ತಿದೆ, ಮೊದಲ ಗಂಟೆ ಬಾರಿಸಿದೆ.